ಗಿಟಾರ್ ಹೀರೋಗಳು ಎಲ್ಲಿ ಹೋದರು?

ಗಾಯನ ವೃಂದದ ಅಭ್ಯಾಸ ಮುಗಿಸಿ ಹರಟುವಾಗ ನಮ್ಮಲ್ಲಿ ಒಂದು ಪ್ರಶ್ನೆ ಎದ್ದಿತು. ಅಪ್ಪಂದಿರ ಕಾಲದಂಥ ಗಿಟಾರ್ ಹೀರೋಗಳು ಈಗಿನ ಹಿಟ್ ಹಾಡುಗಳಲ್ಲಿ ಯಾಕಿಲ್ಲ?

1967ರ ಜೂನ್‌ನಲ್ಲಿ ಅಮೆರಿಕದ ಮಾಂಟೆರೆಯಲ್ಲಿ ಜಿಮಿ ಹೆಂಡ್ರಿಕ್ಸ್ ವೇದಿಕೆಯ ಮೇಲೆಯೇ ತಮ್ಮ ಗಿಟಾರಿಗೆ ಬೆಂಕಿ ಹಚ್ಚಿದರು. (ನಾವು ಹಾಗೆ ಮಾಡಿದರೆ ಮನೆಯೊಳಗೆ ಸೇರಿಸುವುದಿಲ್ಲ!) 1978ರಲ್ಲಿ ಎಡ್ಡಿ ವ್ಯಾನ್ ಹೇಲನ್ ಅವರ 'ಇರಪ್ಷನ್' ಬಂತು. ಎರಡು ನಿಮಿಷವೂ ಇಲ್ಲದ ಆ ತುಣುಕಿನಲ್ಲಿ ಹಾಡುವವರೇ ಇಲ್ಲ, ಬರೀ ಗಿಟಾರ್. ಎರಡೂ ಕೈಬೆರಳುಗಳಿಂದ ತಂತಿ ಬಡಿದು ನುಡಿಸುವ ಆ ಬಗೆ ಕಲಿಯಲು ಹುಡುಗರು ಮುಗಿಬಿದ್ದರು.

ಇಳಿಜಾರು ಶುರುವಾದದ್ದು ಆ ವೈಭವದ ನಡುವೆಯೇ ಎಂದು ನಮಗನ್ನಿಸುತ್ತದೆ. 1982ರ 'ಥ್ರಿಲ್ಲರ್' ಆಲ್ಬಮ್ಮಿನ 'ಬೀಟ್ ಇಟ್' ಹಾಡಿಗೆ ಇದೇ ಎಡ್ಡಿ ದುಡ್ಡು ತೆಗೆದುಕೊಳ್ಳದೆ ನುಡಿಸಿದರು. ಅದ್ಭುತ ಸೋಲೊ, ಆದರೆ ಸುಮಾರು ಅರ್ಧ ನಿಮಿಷ. ಹಾಡು ಮೈಕಲ್ ಜಾಕ್ಸನ್‌ರದು, ಹೀರೋ ಅಲ್ಲಿ ಅತಿಥಿ.

1991ರಲ್ಲಿ ನಿರ್ವಾಣ ತಂಡದ 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್' ಬಂದಾಗ ಕರ್ಟ್ ಕೊಬೇನ್ ಸೋಲೊದಲ್ಲಿ ತಾವು ಹಾಡಿದ ಧಾಟಿಯನ್ನೇ ನುಡಿಸಿ ಬಿಟ್ಟರು. ಬೆರಳಿನ ವೇಗ ತೋರಿಸುವುದು ಹಳೆಯ ಶೋಕಿಯಾಯಿತು. ಮುಂದೆ ಹಿಪ್‌ಹಾಪ್ ಬಂತು, ಕಂಪ್ಯೂಟರ್ ಬಂತು. ಕೋಣೆಯಲ್ಲಿ ಒಬ್ಬರೇ ಕೂತು ಹಾಡು ಕಟ್ಟಬಹುದಾಯಿತು.

2018ರ ಮೇಯಲ್ಲಿ ಗಿಬ್ಸನ್ ಕಂಪನಿ ದಿವಾಳಿ ಅರ್ಜಿ ಹಾಕಿದಾಗ ಗಿಟಾರ್ ಸತ್ತಿತು ಎಂದವರುಂಟು. ಆದರೆ ಅದನ್ನು ಮುಳುಗಿಸಿದ್ದು ಎಲೆಕ್ಟ್ರಾನಿಕ್ಸ್ ವ್ಯಾಪಾರದ ಸಾಲ. ಲಾಕ್‌ಡೌನಿನ 2020ರಲ್ಲಿ ಫೆಂಡರ್ ಕಂಪನಿ ಹಿಂದೆಂದೂ ಇಲ್ಲದಷ್ಟು ಮಾರಾಟ ಕಂಡಿತು. ಅದೇ ಅಕ್ಟೋಬರ್ 6ರಂದು ಎಡ್ಡಿ ತೀರಿಕೊಂಡರು. ನಮ್ಮ ವೃಂದದ ಇಬ್ಬರು ಗಿಟಾರ್ ಕೊಂಡದ್ದೂ ಆ ವರ್ಷವೇ. ಕಾರ್ಡ್ಸ್ ಚೆನ್ನಾಗಿ ಹಿಡಿಯುತ್ತಾರೆ. ಸೋಲೊ ನುಡಿಸಿ ಎಂದು ನಾವು ಇವತ್ತಿನವರೆಗೂ ಕೇಳಿಲ್ಲ.