ಲಾವಾಶಿಲೆಯಲ್ಲಿ ಬಾಹುಬಲಿ: ಎಲ್ಲೋರದ ಬೆಟ್ಟ ಮತ್ತು ಇತಿಹಾಸ

ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡನಾಡೆಂದು ಗುರುತಿಸಿರುವುದು ಸರ್ವವಿದಿತ. ಆದರೆ ಈ ಎರಡು ನದಿಗಳ ನಡುವೆ ನೆಲದ ಶಿಲೆಯೇ ಬದಲಾಗುತ್ತದೆ ಎಂಬ ಸಂಗತಿಯತ್ತ ಸಾಹಿತ್ಯಾಭ್ಯಾಸಿಗಳ ಗಮನ ಹರಿದುದು ಕಡಿಮೆ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿದ ಲಾವಾರಸವು ಪದರದ ಮೇಲೆ ಪದರವಾಗಿ ಹರಡಿ ದಖ್ಖನಿನ ಪ್ರಸ್ಥಭೂಮಿಯನ್ನು ರೂಪಿಸಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ವ್ಯಾಪಿಸಿರುವ ಈ ಕಪ್ಪುಶಿಲೆಯನ್ನು ಮಳೆ ನದಿಗಳು ಕೊರೆದುದರಿಂದ ಉತ್ತರ ಸಹ್ಯಾದ್ರಿಯ ಮೆಟ್ಟಿಲು ಮೆಟ್ಟಿಲಾದ ಬೆಟ್ಟಗಳು ಮೂಡಿದವು. 1,646 ಮೀಟರ್ ಎತ್ತರದ ಕಳಸೂಬಾಯಿ ಶಿಖರವೂ ಅಜಂತಾ ಶ್ರೇಣಿಯೂ ಇದರ ಭಾಗಗಳೇ. ಉತ್ತರ ಕರ್ನಾಟಕದ ಎರೆಭೂಮಿಯ ಬಹುಭಾಗ ಈ ಶಿಲೆ ಶಿಥಿಲವಾಗಿ ಉಂಟಾದ ಮಣ್ಣು. ಬೆಳಗಾವಿಯ ಆಸುಪಾಸಿನಲ್ಲಿ ಲಾವಾಶಿಲೆ ಮುಗಿಯುತ್ತದೆ. ಅಲ್ಲಿಂದ ದಕ್ಷಿಣದ ಸಹ್ಯಾದ್ರಿ ಬಹುಮಟ್ಟಿಗೆ ಅದಕ್ಕಿಂತ ಎಷ್ಟೋ ಪ್ರಾಚೀನವಾದ ಶಿಲೆಗಳದು.

ಈ ಹಿನ್ನೆಲೆಯಲ್ಲಿ ಎಲ್ಲೋರವನ್ನು ನೋಡಬೇಕು. ಬಾದಾಮಿಯ ಚಾಲುಕ್ಯರು ಕಂಡರಿಸಿದುದು ಕೆಂಪು ಮರಳುಗಲ್ಲನ್ನು. ಅವರ ಬಳಿಕ ಬಂದ ರಾಷ್ಟ್ರಕೂಟರು ಎಲ್ಲೋರದಲ್ಲಿ ಎದುರಿಸಿದುದು ಲಾವಾಪದರಗಳ ಬೆಟ್ಟವನ್ನು. ಒಂದನೆಯ ಕೃಷ್ಣನ (756–773) ಹೆಸರಿನೊಡನೆ ಬೆಸೆದಿರುವ ಕೈಲಾಸ ದೇವಾಲಯವನ್ನು ಮೇಲಿನಿಂದ ಕೆಳಕ್ಕೆ ಕಡೆಯಲಾಗಿದೆ. ಅದರ ಎತ್ತರ ಸುಮಾರು 30 ಮೀಟರ್. ಇಲ್ಲಿಯ 34 ಗುಹೆಗಳಲ್ಲಿ ಉತ್ತರದ ತುದಿಯ 30ರಿಂದ 34ರವರೆಗಿನವು ಜೈನ ಗುಹೆಗಳು. ಜಗನ್ನಾಥಸಭೆಯ ಕಂಬಗಳ ಮೇಲೆ ಹಳಗನ್ನಡ ಲಿಪಿಯ ಬರಹಗಳಿರುವುದು ಈ ಬೆಟ್ಟಕ್ಕೂ ಕನ್ನಡಕ್ಕೂ ಇದ್ದ ನಂಟಿಗೆ ಸಾಕ್ಷಿ. ಶಕ 1156ರ ಪಾರ್ಶ್ವನಾಥ ಪ್ರತಿಮೆಯ ಶಾಸನವು ಬೆಟ್ಟವನ್ನು ಚಾರಣಾದ್ರಿ ಎಂದು ಕರೆದಿದೆ. ರಾಷ್ಟ್ರಕೂಟರು ಅಳಿದು ಎರಡೂವರೆ ಶತಮಾನ ಕಳೆದ ಮೇಲೂ ಅದು ಜೈನರ ಪುಣ್ಯಸ್ಥಳವಾಗಿ ಉಳಿದಿತ್ತೆಂಬುದು ಇದರಿಂದ ಸ್ಪಷ್ಟ.

ಇಲ್ಲಿ ಒಂದು ಹೋಲಿಕೆ ಗಮನಾರ್ಹವಾದುದು. ಬಳ್ಳಿ ಹಬ್ಬಿದ ಬಾಹುಬಲಿಯ ಮೂರ್ತಿ ಬಾದಾಮಿಯ ಮರಳುಗಲ್ಲಿನಲ್ಲಿದೆ, ಎಲ್ಲೋರದ ಲಾವಾಶಿಲೆಯಲ್ಲಿದೆ, ಸುಮಾರು 981ರಲ್ಲಿ ಶ್ರವಣಬೆಳಗೊಳದ ಕಣಶಿಲೆಯಲ್ಲಿ 58 ಅಡಿಯ ಎತ್ತರಕ್ಕೆ ಬೆಳೆದು ನಿಂತಿದೆ. ಮೊದಲೆರಡು ಕಡೆ ಮೂರ್ತಿ ಗುಹೆಯ ಗೋಡೆಗೆ ಅಂಟಿದ ಉಬ್ಬುಶಿಲ್ಪ. ಮೂರನೆಯದು ಬೆಟ್ಟದ ನೆತ್ತಿಯಲ್ಲಿ ಬಯಲಿಗೆ ಬಂದ ವಿಗ್ರಹ.

ಶಿಲೆಯ ಗುಣವೇ ಈ ಅಂತರಕ್ಕೆ ಕಾರಣವೆಂದು ಹೇಳಿಬಿಡುವುದು ಸುಲಭ. ಆದರೆ ಕೈಲಾಸವೂ ಇಂದ್ರಸಭೆಯ ಅಂಗಳದ ಏಕಶಿಲಾ ಗುಡಿಯೂ ಆ ಮಾತನ್ನು ಒಪ್ಪುವುದಿಲ್ಲ. ಬಂಡೆಯನ್ನು ಬಿಡಿಸಿ ನಿಲ್ಲಿಸುವ ವಿದ್ಯೆ ಎಲ್ಲೋರದ ರೂವಾರಿಗಳಿಗೆ ಕರಗತವಾಗಿತ್ತು. ಆದುದರಿಂದ ಶಿಲೆ ಅವಕಾಶವನ್ನು ಒದಗಿಸುತ್ತದೆ, ಆಯ್ಕೆಯನ್ನು ಮಾಡುವುದು ಮನುಷ್ಯನ ಸಂಕಲ್ಪ. ಗುಹೆಯ ಏಕಾಂತದಲ್ಲಿ ಧ್ಯಾನಿಸುವವರಿಗೆ ತೋರಬೇಕಾದ ತಪಸ್ವಿಯನ್ನು ಹರದಾರಿ ದೂರದಿಂದ ಬರುವ ಯಾತ್ರಿಕನಿಗೂ ಕಾಣುವಂತೆ ನಿಲ್ಲಿಸಿದುದು ಭಕ್ತಿಯ ಇತಿಹಾಸದಲ್ಲಾದ ಪಲ್ಲಟ. ಅದನ್ನು ಅರಿಯಲು ಶಾಸನದ ಅಕ್ಷರವನ್ನು ಓದಿದಷ್ಟೇ ಶ್ರದ್ಧೆಯಿಂದ ಅದನ್ನು ಹೊತ್ತ ಕಲ್ಲನ್ನೂ ಓದಬೇಕಾಗುತ್ತದೆ.