ಮೂವತ್ತಾರು ಮಿಲಿಯನ್ ಡಾಲರಿನ ಕಾನ್‌ಸ್ಟೇಬಲ್‌ಗಳು

ಶುರುವಾದದ್ದು ಒಂದು ಟೋಪಿಯಿಂದ. ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಹೊಸದಾಗಿ ಬಂದ ಸೆಕ್ಯೂರಿಟಿಯವರು ಹಸಿರು-ಕಂದು ಚಕ್ಕೆಗಳ ಅಂಗಿ ತೊಟ್ಟು, ಅದಕ್ಕೊಪ್ಪುವ ಟೋಪಿ ಇಟ್ಟು ನಿಂತಿದ್ದರು. ಸೈನ್ಯದಿಂದ ನಿವೃತ್ತರಾದ ಹಿರಿಯರೊಬ್ಬರು ಸಂಘದ ಸಭೆಯಲ್ಲಿ ಸಿಡುಕಿದರು: "ಇದು ಕಾನೂನಿಗೆ ವಿರುದ್ಧ ಕಣ್ರೀ. ಈ ಬಟ್ಟೆ ಹಾಕೋಕೆ ನಾವು ಎಷ್ಟು ಬೆವರು ಸುರಿಸಿದೀವಿ ಗೊತ್ತಾ?" ಹೌದೋ ಅಲ್ಲವೋ ನೋಡಿ ಹೇಳುವ ಕೆಲಸ ನನ್ನ ತಲೆಗೆ ಬಂತು. ಹಳೇ ಕಾಗದ ಕೆದಕುವುದೇ ಕಸುಬಾದವನ ಪಾಲಿಗೆ ಇಂಥವೆಲ್ಲ ಬರುವುದು ವಾಡಿಕೆ.

2005ರ ಖಾಸಗಿ ಭದ್ರತಾ ಏಜೆನ್ಸಿಗಳ (ನಿಯಂತ್ರಣ) ಕಾಯ್ದೆ ತೆಗೆದೆ. ಹಿರಿಯರ ಮಾತು ನಿಜ. ಸೇನೆಯ, ಪೊಲೀಸರ ಸಮವಸ್ತ್ರವನ್ನಾಗಲೀ ಅದನ್ನು ಹೋಲುವ ಉಡುಪನ್ನಾಗಲೀ ಕಾವಲುಗಾರ ತೊಟ್ಟರೆ ಅವನಿಗೂ ಏಜೆನ್ಸಿಯ ಮಾಲೀಕನಿಗೂ ಒಂದು ವರ್ಷದವರೆಗೆ ಜೈಲು, ಇಲ್ಲವೇ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಲ್ಲಿಗೆ ಪುಸ್ತಕ ಮುಚ್ಚಬಹುದಿತ್ತು. ಪರಂತುಕಗಳನ್ನು ಓದದೆ ಏಳುವ ಅಭ್ಯಾಸ ನನಗಿಲ್ಲ. ಲೈಸೆನ್ಸಿನ ಕಲಮಿನ ಬಾಲದಲ್ಲಿ ಒಂದು ಪರಂತುಕ ಸಿಕ್ಕಿತು: ನಿಯಂತ್ರಣ ಪ್ರಾಧಿಕಾರದ ಅನುಮತಿ ಇಲ್ಲದೆ ಯಾವ ಏಜೆನ್ಸಿಯೂ ವಿದೇಶದಲ್ಲಿ ಭದ್ರತೆ ಒದಗಿಸುವಂತಿಲ್ಲ, ಅನುಮತಿ ಕೊಡುವ ಮುನ್ನ ಪ್ರಾಧಿಕಾರ ಕೇಂದ್ರ ಸರ್ಕಾರದ ಜೊತೆ ಸಮಾಲೋಚಿಸಬೇಕು.

ಗೇಟಿನಲ್ಲಿ ಕೂತು ರಿಜಿಸ್ಟರಿಗೆ ಸಹಿ ಹಾಕಿಸುವವರ ವಿಷಯಕ್ಕೆ ದೆಹಲಿಯ ಅಭಿಪ್ರಾಯ ಏಕೆ? ಭದ್ರತಾ ಕಂಪನಿ ಅನ್ನುವುದು ಪರದೇಶಕ್ಕೆ ಹೋದಾಗ ಏನಾಗಬಲ್ಲದು? ಆ ಪ್ರಶ್ನೆಯ ಜಾಡು ಹಿಡಿದು ಹೋದವನು ತಿಂಗಳುಗಟ್ಟಲೆ ಶಾಂತಸಾಗರದ ಒಂದು ದ್ವೀಪದೇಶದ ಕಾಗದಗಳಲ್ಲಿ ಮುಳುಗಿಹೋದೆ.

ಮೊದಲು ಕೈಗೆ ಸಿಕ್ಕಿದ್ದು ಒಂದು ಕರಾರುಪತ್ರ. ತಾರೀಕು 31 ಜನವರಿ 1997. ಒಂದು ಕಡೆ ಪಪುವಾ ನ್ಯೂ ಗಿನಿ ಎಂಬ ಸ್ವತಂತ್ರ ರಾಷ್ಟ್ರ. ಇನ್ನೊಂದು ಕಡೆ ಸ್ಯಾಂಡ್‌ಲೈನ್ ಇಂಟರ್‌ನ್ಯಾಷನಲ್ ಎಂಬ ಕಂಪನಿ, ವಿಳಾಸ ಲಂಡನ್ನಿನ ಕಿಂಗ್ಸ್ ರೋಡಿನ ಒಂದು ಕಚೇರಿ. ಕಂಪನಿಯ ಪರವಾಗಿ ನಿಂತವರು ಬ್ರಿಟಿಷ್ ಸೇನೆಯ ನಿವೃತ್ತ ಲೆಫ್ಟಿನೆಂಟ್ ಕರ್ನಲ್ ಟಿಮ್ ಸ್ಪೈಸರ್. ಕರಾರಿನ ಮೊತ್ತ 3.6 ಕೋಟಿ, ಅಂದರೆ 36 ಮಿಲಿಯನ್ ಅಮೆರಿಕನ್ ಡಾಲರ್. ಅರ್ಧ, 18 ಮಿಲಿಯನ್, ಮೊದಲೇ ಕೊಡಬೇಕು. ಮೊದಲ ಅವಧಿ ಮೂರು ತಿಂಗಳು.

ಗುತ್ತಿಗೆಯ ಕಾಗದಗಳು ಎಲ್ಲ ಕಡೆ ಒಂದೇ ರಾಗ ಹಾಡುತ್ತವೆ. ಸೇತುವೆ ಕಟ್ಟಲಿ, ಯುದ್ಧ ಮಾಡಲಿ, ವಸ್ತುಪಟ್ಟಿ ಅನುಬಂಧದಲ್ಲಿ. ಇಲ್ಲಿನ ಪಟ್ಟಿಯಲ್ಲಿ ರಷ್ಯನ್ ಮಾದರಿಯ ಎರಡು ಮಿ-24 ದಾಳಿ ಹೆಲಿಕಾಪ್ಟರುಗಳು, ಎರಡು ಮಿ-17 ಸಾಗಣೆ ಹೆಲಿಕಾಪ್ಟರುಗಳು, ರಾಕೆಟ್ಟುಗಳು, ರಾತ್ರಿ ನೋಡುವ ಸಲಕರಣೆಗಳು. ಕೆಲಸದ ವಿವರವೂ ಹಾಗೇ ನಿರ್ವಿಕಾರ: ಸರ್ಕಾರದ ವಿಶೇಷ ಪಡೆಗೆ ತರಬೇತಿ ಕೊಡುವುದು, ಗುಪ್ತ ಮಾಹಿತಿ ಕಲೆಹಾಕುವುದು, ದೇಶದ ಸೇನೆಯ ಜೊತೆ ಸೇರಿ ಬೂಗನ್‌ವಿಲ್ ದ್ವೀಪದಲ್ಲಿ ದಾಳಿ ನಡೆಸಿ ಬಂಡುಕೋರರ ಬಲ ಮುರಿಯುವುದು, ಪಂಗುನಾ ಗಣಿಯನ್ನು ಮರಳಿ ವಶಕ್ಕೆ ಪಡೆಯುವುದು.

ಗಣಿಯ ಕಥೆ ಚುಟುಕಾಗಿ ಇಷ್ಟು. ಪಂಗುನಾದ ತೆರೆದ ತಾಮ್ರದ ಗಣಿ 1972ರಲ್ಲಿ ಉತ್ಪಾದನೆ ಶುರುಮಾಡಿ ದೇಶದ ಬೊಕ್ಕಸಕ್ಕೆ ದೊಡ್ಡ ಆಸರೆಯಾಗಿತ್ತು. ನೆಲ ಕಳೆದುಕೊಂಡವರಿಗೆ ಉಳಿದದ್ದು ಗಣಿತ್ಯಾಜ್ಯ ತುಂಬಿದ ಜಬಾ ನದಿ ಮತ್ತು ಲಾಭದ ಚೂರುಪಾರು. ಅದೇ ಗಣಿಯಲ್ಲಿ ಕೆಲಸಕ್ಕಿದ್ದ ಫ್ರಾನ್ಸಿಸ್ ಓನಾ ದಂಗೆಯ ಮುಂದಾಳಾದರು. 1989ರ ಮೇ ತಿಂಗಳಲ್ಲಿ ಗಣಿ ಮುಚ್ಚಿತು. ಅಂತರ್ಯುದ್ಧ ಎಂಟು ವರ್ಷ ಎಳೆದರೂ ಸೇನೆಗೆ ದ್ವೀಪ ದಕ್ಕಲಿಲ್ಲ. 1997ರಲ್ಲಿ ಚುನಾವಣೆ ಬೇರೆ ಹತ್ತಿರವಿತ್ತು. ಪ್ರಧಾನಿ ಸರ್ ಜೂಲಿಯಸ್ ಚಾನ್ ಅವರಿಗೆ ಬೇಗ ಒಂದು ಗೆಲುವು ಬೇಕಿತ್ತು.

ಕರಾರಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಹೆಲಿಕಾಪ್ಟರುಗಳಲ್ಲ. ಸರ್ಕಾರದ ಹೊಣೆಗಳನ್ನು ಹೇಳುವ ಭಾಗದಲ್ಲಿ ಒಂದು ಸಾಲಿತ್ತು: ಕಂಪನಿಯ ಜನರನ್ನೆಲ್ಲ ವಿಶೇಷ ಕಾನ್‌ಸ್ಟೇಬಲ್‌ಗಳೆಂದು ನೋಂದಾಯಿಸಬೇಕು, ಆದರೆ ಕಂಪನಿಯೊಳಗೆ ಅವರಿಗಿರುವ ದರ್ಜೆಗೆ ಸಮನಾದ ಸೇನಾ ಪದವಿ ಅವರಿಗಿರುತ್ತದೆ, ಕೆಳದರ್ಜೆಯವರಿಗೆ ಆಜ್ಞೆ ಕೊಡುವ ಹಕ್ಕೂ ಇರುತ್ತದೆ. ಅದರ ಹತ್ತಿರದಲ್ಲೇ ಇನ್ನೊಂದು: ಸಹಿ ಬಿದ್ದ ಕ್ಷಣದಿಂದ ಆಯುಧ ಹಿಡಿಯಲು, ಕಾರ್ಯಾಚರಣೆ ನಡೆಸಲು ಬೇಕಾದ ಎಲ್ಲ ಪರವಾನಗಿಗಳೂ ತಾವಾಗಿ ಸಿಕ್ಕಂತೆ.

ದಾಳಿ ಹೆಲಿಕಾಪ್ಟರಿನಲ್ಲಿ ಬರುವವನು ಕಾನ್‌ಸ್ಟೇಬಲ್ ಏಕಾಗಬೇಕು? ಸೈನಿಕ ಎಂದೇ ಬರೆಯಬಹುದಿತ್ತಲ್ಲ? ಪೆನ್ಸಿಲಿನಲ್ಲಿ ಅಂಚಿಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಆ ದೇಶದ ಸಂವಿಧಾನ ಹುಡುಕಲು ಹೊರಟೆ.

1975ರ ಸೆಪ್ಟೆಂಬರ್ 16ರಂದು, ಸ್ವಾತಂತ್ರ್ಯದ ದಿನವೇ ಜಾರಿಗೆ ಬಂದ ಸಂವಿಧಾನ ಅದು. ಬಂದೂಕಿನ ಬಗ್ಗೆ ಅದನ್ನು ಬರೆದವರಿಗಿದ್ದ ಅನುಮಾನ ಸಾಲುಸಾಲಿನಲ್ಲಿ ಕಾಣುತ್ತದೆ. 201ನೆಯ ಕಲಮು ಸೇನೆಯನ್ನು ಮಂತ್ರಿಮಂಡಲದ ಹತೋಟಿಗೆ ಒಪ್ಪಿಸುತ್ತದೆ. ಜೊತೆಗೆ ಮಹಾದಂಡನಾಯಕ ಎಂಬ ಹುದ್ದೆಯೇ ಇರಕೂಡದು, ಬರೀ ಗೌರವದ ಬಿರುದಾಗಿಯೂ ಇರಕೂಡದು ಅನ್ನುತ್ತದೆ. ಅದಕ್ಕೂ ಹಿಂದಿನದು, 200ನೆಯದು, ಇನ್ನೂ ಖಡಕ್ಕಾದ್ದು. ಸಂವಿಧಾನ ಹೇಳಿದ ಬಗೆಯಲ್ಲಿ ಅಲ್ಲದೆ ಯಾವುದೇ ಸೇನೆ ಅಥವಾ ಅರೆಸೇನಾ ಪಡೆ ಕಟ್ಟುವುದು, ಸಾಕುವುದು, ಅದಕ್ಕೆ ತರಬೇತಿ ಅಥವಾ ಆಯುಧ ಕೊಡುವುದು, ಅದರಲ್ಲಿ ಪಾಲ್ಗೊಳ್ಳುವುದು ಎಲ್ಲಕ್ಕೂ ಕಟ್ಟುನಿಟ್ಟಿನ ನಿಷೇಧ.

ಎರಡು ಕಾಗದಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡೆ. ಕಾನ್‌ಸ್ಟೇಬಲ್ ಎಂಬ ಪದ ಅಲ್ಲಿಗೆ ಹೇಗೆ ಬಂತೆಂಬುದಕ್ಕೆ ನನ್ನ ಊಹೆ ಇದು: ಸೈನಿಕರು ಅಂದರೆ 200ನೆಯ ಕಲಮು ಅಡ್ಡ ಬರುತ್ತದೆ, ಪೊಲೀಸರು ಅಂದರೆ ಸಂದಿಯಲ್ಲಿ ನುಸುಳಬಹುದು. ನಮ್ಮ ಗೇಟಿನ ಹುಡುಗನಿಗೆ ಸೈನ್ಯದ ಅಂಗಿ ತೊಡಿಸಿದ್ದರು. ಅಲ್ಲಿ ಸೈನ್ಯಕ್ಕೇ ಪೇದೆಯ ಟೋಪಿ ಇಟ್ಟಿದ್ದರು.

ಹಾಗಾದರೆ ಈ ಕರಾರನ್ನು ಸಹಿಗೆ ಮುಂಚೆ ಓದಿದವರು ಯಾರು? ಮಂತ್ರಿಮಂಡಲದ ಒಪ್ಪಿಗೆ ಇತ್ತು. ರಕ್ಷಣೆ ಮತ್ತು ಹಣಕಾಸು ಇಲಾಖೆಗಳ ಮೇಲಿನ ಕೆಲವರಿಗೆ ಗೊತ್ತಿತ್ತು. ಸಂಸತ್ತಿನ ಮುಂದೆ ಮಾತ್ರ ಅದು ಬರಲೇ ಇಲ್ಲ. ಈ ಕೆಲಸಕ್ಕೆಂದು ಸಂಸತ್ತು ಹಣ ಮಂಜೂರು ಮಾಡಿರಲೂ ಇಲ್ಲ. ಆದರೂ ಮೊದಲ ಕಂತು ಪಾವತಿಯಾಯಿತು. ಜನರಿಗೆ ತಿಳಿದದ್ದು ಫೆಬ್ರುವರಿ 22ರಂದು, ಅದೂ ನೆರೆದೇಶದ ಪತ್ರಿಕೆಯಿಂದ. 'ದಿ ಆಸ್ಟ್ರೇಲಿಯನ್'ನಲ್ಲಿ ಮೇರಿ-ಲೂಯಿಸ್ ಓ'ಕ್ಯಾಲಗನ್ ಸುದ್ದಿ ಒಡೆದರು. ಅಷ್ಟರಲ್ಲಿ ಕಂಪನಿಯ ಜನ ದೇಶದೊಳಗಿದ್ದರು. ಅವರಲ್ಲಿ ಹೆಚ್ಚಿನವರನ್ನು ಒದಗಿಸಿದ್ದು ಅಂಗೋಲಾ, ಸಿಯೆರಾ ಲಿಯೋನ್‌ಗಳಲ್ಲಿ ಕೂಲಿಗೆ ಕಾದಾಡಿ ಹೆಸರಾಗಿದ್ದ ದಕ್ಷಿಣ ಆಫ್ರಿಕಾದ ಎಕ್ಸಿಕ್ಯುಟಿವ್ ಔಟ್‌ಕಮ್ಸ್.

ಮುಂದಿನ ಕಾಗದಗಳು ಓಡುವ ವೇಗವೇ ಬೇರೆ. ಮಾರ್ಚ್ 16ರ ರಾತ್ರಿ ದೇಶದ ಸೇನೆಯೇ ಸ್ಪೈಸರ್ ಮತ್ತು ಅವರ ಜನರನ್ನು ಹಿಡಿದು ಕೂಡಿಹಾಕಿತು. ಕಾರ್ಯಾಚರಣೆಗೆ ಇಟ್ಟ ಹೆಸರು 'ರೌಸಿಮ್ ಕ್ವಿಕ್'. ಅಲ್ಲಿನ ಟೋಕ್ ಪಿಸಿನ್ ಭಾಷೆಯಲ್ಲಿ, ಬೇಗ ಹೊರಗಟ್ಟಿ ಎಂದರ್ಥ. ಮಾರನೆಯ ಬೆಳಿಗ್ಗೆ ಸೇನಾ ಮುಖ್ಯಸ್ಥ ಬ್ರಿಗೇಡಿಯರ್ ಜನರಲ್ ಜೆರ್ರಿ ಸಿಂಗಿರೋಕ್ ರೇಡಿಯೋದಲ್ಲಿ ಮಾತನಾಡಿ, ಪ್ರಧಾನಿ, ಉಪಪ್ರಧಾನಿ, ರಕ್ಷಣಾ ಸಚಿವ ಮೂವರೂ 48 ಗಂಟೆಯೊಳಗೆ ರಾಜೀನಾಮೆ ಕೊಡಬೇಕೆಂದರು. ಪ್ರಧಾನಿ, ಸಿಂಗಿರೋಕ್ ಅವರನ್ನೇ ವಜಾ ಮಾಡಿದರು. ವಿದ್ಯಾರ್ಥಿಗಳು, ಸೈನಿಕರು, ಬೀದಿಯ ಜನ ಸಂಸತ್ ಭವನವನ್ನು ಸುತ್ತುಗಟ್ಟಿದರು. ಮಾರ್ಚ್ 25ರಂದು ಪ್ರಧಾನಿಯನ್ನು ಇಳಿಸುವ ಗೊತ್ತುವಳಿ ಸದನದಲ್ಲಿ ಬಿದ್ದುಹೋಯಿತು. ಮರುದಿನ ಚಾನ್ ತಾವಾಗಿ ಬದಿಗೆ ಸರಿದರು. ಹೆಲಿಕಾಪ್ಟರುಗಳನ್ನು ಹೊತ್ತು ಬರುತ್ತಿದ್ದ ವಿಮಾನ ಆಸ್ಟ್ರೇಲಿಯಾದ ಟಿಂಡಲ್ ವಾಯುನೆಲೆಗೆ ತಿರುಗಿತು.

ಈ ಭಾಗವನ್ನು ಮೊದಲ ಸಲ ಓದಿದಾಗ ಚಪ್ಪಾಳೆ ತಟ್ಟುವ ಹಾಗಾಯಿತು. ಎರಡನೆಯ ಸಲ ಓದಿದಾಗ ಕೈ ಹಿಂದೆ ಬಂತು. ಚುನಾಯಿತ ಪ್ರಧಾನಿಗೆ ಸೇನಾ ಮುಖ್ಯಸ್ಥ ಗಡುವು ಕೊಡುವುದನ್ನು ಯಾವ ಸಂವಿಧಾನ ಒಪ್ಪುತ್ತದೆ? ಮಂತ್ರಿಮಂಡಲದ ಹತೋಟಿ ಎಂದ 201ನೆಯ ಕಲಮನ್ನು ಸಿಂಗಿರೋಕ್ ಮುರಿದಿದ್ದರು. 200ನೆಯದನ್ನು ಸರ್ಕಾರ ಅದಕ್ಕೂ ಮೊದಲೇ ಮುರಿದಿತ್ತು. ಸಿಂಗಿರೋಕ್ ಅಧಿಕಾರ ಕಸಿಯಲಿಲ್ಲ, ವಜಾ ಆದ ಮೇಲೆ ಕುರ್ಚಿ ಬಿಟ್ಟರು. ಅದು ಅವರ ಪುಣ್ಯದ ಲೆಕ್ಕ. ಇನ್ನೊಂದು ಲೆಕ್ಕವೂ ಇದೆ. ಸ್ಯಾಂಡ್‌ಲೈನ್ ಜೊತೆಗಿನ ಆರಂಭದ ಮಾತುಕತೆಗಳಲ್ಲಿ ಅವರೂ ಇದ್ದರು. ಬ್ರಿಟನ್ನಿನ ಒಬ್ಬ ಶಸ್ತ್ರಾಸ್ತ್ರ ಪೂರೈಕೆದಾರನಿಂದ ಅವರ ಖಾತೆಗೆ ಹಣ ಬಂದಿದ್ದೂ ಆಮೇಲೆ ಬಯಲಾಯಿತು. ಕಡತದಲ್ಲಿ ನಾಯಕನನ್ನು ಹುಡುಕುವವರಿಗೆ ಇಂಥ ಹಾಳೆಗಳು ರುಚಿಸುವುದಿಲ್ಲ.

ವಿಚಾರಣಾ ಆಯೋಗ ಕೂತಿತು. ನ್ಯಾಯಮೂರ್ತಿ ವಾರ್ವಿಕ್ ಆಂಡ್ರ್ಯೂ ಅವರ ವರದಿ ಚಾನ್ ಅವರ ಮೇಲೆ ತಪ್ಪು ಹೊರಿಸಲಿಲ್ಲ. ಜೂನ್ ಮೊದಲ ವಾರದಲ್ಲಿ ಅವರು ಮತ್ತೆ ಪ್ರಧಾನಿಯಾದರು. ಅದೇ ತಿಂಗಳ ಚುನಾವಣೆಯಲ್ಲಿ ಮತದಾರರು ಅವರನ್ನು ಸೋಲಿಸಿದರು. ಜನ ತೀರ್ಪು ಕೊಟ್ಟರು, ಕಂಪನಿ ಮನೆಗೆ ಹೋಯಿತು, ಕಥೆ ಮುಗಿಯಿತು ಎಂದುಕೊಂಡು ಟಿಪ್ಪಣಿಗಳನ್ನು ದಾರ ಕಟ್ಟಿ ಇಟ್ಟೆ.

ದಾರ ಬಿಚ್ಚಿಸಿದ್ದು ಕರಾರಿನ ಕೊನೆಯ ಭಾಗ. ಮೊದಲ ಓದಿನಲ್ಲಿ ಅಲ್ಲಿ ಕಣ್ಣು ಜಾರಿತ್ತು. ಎರಡು ಸಾಲು: ಈ ಕರಾರಿಗೆ ಇಂಗ್ಲೆಂಡಿನ ಕಾನೂನು ಅನ್ವಯ, ತಕರಾರು ಬಂದರೆ ಅಂತರರಾಷ್ಟ್ರೀಯ ಪಂಚಾಯಿತಿ. ಉಳಿದ 18 ಮಿಲಿಯನ್ ಕೊಡಿ ಎಂದು ಕಂಪನಿ ಅದೇ ಬಾಗಿಲು ತಟ್ಟಿತ್ತು. ಮೂವರು ನಿವೃತ್ತ ನ್ಯಾಯಮೂರ್ತಿಗಳ ಮಂಡಳಿ ಆಸ್ಟ್ರೇಲಿಯಾದ ಕೇರ್ನ್ಸ್‌ನಲ್ಲಿ ಕೂತು, 1998ರ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟಿತು.

ಪಪುವಾ ನ್ಯೂ ಗಿನಿಯ ವಾದ ನೇರವಾಗಿತ್ತು. ನಮ್ಮ ಸಂವಿಧಾನದ 200ನೆಯ ಕಲಮಿನ ಪ್ರಕಾರ ಈ ಕರಾರೇ ಅಕ್ರಮ. ಅಕ್ರಮ ಕರಾರಿಗೆ ಹಣ ಕೊಡಬೇಕಾಗಿಲ್ಲ. ನಾನಾದರೂ ಅದನ್ನೇ ಹೇಳುತ್ತಿದ್ದೆ. ಮಂಡಳಿ ಒಪ್ಪಲಿಲ್ಲ. ಅದರ ತರ್ಕದ ಸಾರ ಇದು: ಒಂದು ರಾಷ್ಟ್ರ ಹೊರಗಿನವರ ಜೊತೆ ಕರಾರು ಮಾಡಿಕೊಂಡ ಮೇಲೆ, ನಮ್ಮ ಮನೆಯ ಕಾನೂನು ನಾವೇ ಮೀರಿದ್ದೇವೆ, ಆದ್ದರಿಂದ ಕರಾರು ಇಲ್ಲ ಎನ್ನುವಂತಿಲ್ಲ. ಅಧಿಕಾರ ಇದ್ದಂತೆ ಕಾಣುವವರು ಸಹಿ ಹಾಕಿದರೆ, ಅಂತರರಾಷ್ಟ್ರೀಯ ಕಾನೂನಿನ ಕಣ್ಣಿಗೆ ಅದು ರಾಷ್ಟ್ರವೇ ಹಾಕಿದ ಸಹಿ. ಕ್ವೀನ್ಸ್‌ಲ್ಯಾಂಡಿನ ನ್ಯಾಯಾಲಯವೂ ಮೇಲ್ಮನವಿಗೆ ಅವಕಾಶ ಕೊಡಲಿಲ್ಲ. ಕೊನೆಗೆ 1999ರ ಮೇ ತಿಂಗಳಲ್ಲಿ 13.3 ಮಿಲಿಯನ್ ಡಾಲರಿಗೆ ರಾಜಿಯಾಯಿತು. ನಡೆಯದ ಯುದ್ಧಕ್ಕೆ ಆ ಬಡದೇಶ ತೆತ್ತದ್ದು, ಮೊದಲ ಕಂತೂ ಸೇರಿ, 31 ಮಿಲಿಯನ್ ಮೀರಿತು.

ಆ ತೀರ್ಪನ್ನು ಓದಿದ ಸಂಜೆ ನನ್ನ ಹುಡುಕಾಟದ ಪ್ರಶ್ನೆಯೇ ಬದಲಾಯಿತು. ಸೇನೆ ಯಾರ ಮಾತು ಕೇಳುತ್ತದೆ ಎಂದು ಕೇಳುತ್ತ ಬಂದವನು, ಕಾಗದ ಯಾರ ಮೇಜಿನ ಮೇಲೆ ಹಾದುಹೋಗುತ್ತದೆ ಎಂದು ಕೇಳಬೇಕಾಗಿತ್ತು. ಕಂಪನಿ ಹೊಡೆದಾಟಕ್ಕೆ ಬರುವಾಗ ಪರೇಡ್ ಮೈದಾನದಿಂದ ಬರುವುದಿಲ್ಲ, ಖಜಾನೆಯ ವೋಚರಿನಿಂದ ಬರುತ್ತದೆ. ಅಲ್ಲಿ ತಡೆಯದಿದ್ದರೆ ಆಮೇಲಿನ ಬಂಡಾಯ, ಆಯೋಗ, ಚುನಾವಣೆ ಯಾವುದೂ ಬಿಲ್ಲನ್ನು ವಾಪಸು ಕಳಿಸಲಾರವು.

ಪಾಠವನ್ನು ಯಾರೂ ಕಲಿಯಲಿಲ್ಲ ಎನ್ನುವಂತಿಲ್ಲ. ತನ್ನ ನೆಲದಿಂದ ಯುದ್ಧಕೂಲಿಗಳು ಹೊರಡುವುದನ್ನು ಕಂಡ ದಕ್ಷಿಣ ಆಫ್ರಿಕಾ 1998ರಲ್ಲಿ, ಹೊರದೇಶಕ್ಕೆ ಸೇನಾ ನೆರವು ಕೊಡಬೇಕಾದರೆ ಸರ್ಕಾರದ ಅನುಮತಿ ಕಡ್ಡಾಯ ಎಂಬ ಕಾನೂನು ತಂದಿತು. ಎಕ್ಸಿಕ್ಯುಟಿವ್ ಔಟ್‌ಕಮ್ಸ್ ಬಾಗಿಲು ಹಾಕಿತು. 2008ರಲ್ಲಿ 17 ರಾಷ್ಟ್ರಗಳು ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ಸೇರಿ, ಖಾಸಗಿ ಸೇನಾ ಮತ್ತು ಭದ್ರತಾ ಕಂಪನಿಗಳನ್ನು ಬಳಸುವವರ ಹೊಣೆಗಳನ್ನು ಪಟ್ಟಿಮಾಡಿದವು. ಅದು ಯಾರನ್ನೂ ಕಟ್ಟಿಹಾಕುವ ಒಪ್ಪಂದವಲ್ಲ. ವ್ಯಾಪಾರವೂ ನಿಲ್ಲಲಿಲ್ಲ: ಸ್ಪೈಸರ್ ಅವರ ಮುಂದಿನ ಕಂಪನಿ ಏಜಿಸ್‌ಗೆ 2004ರಲ್ಲಿ ಇರಾಕಿನ ಕೆಲಸಕ್ಕಾಗಿ ಅಮೆರಿಕದಿಂದ 293 ಮಿಲಿಯನ್ ಡಾಲರಿನ ಗುತ್ತಿಗೆ ಸಿಕ್ಕಿತು.

ಬೂಗನ್‌ವಿಲ್‌ಗೆ ಶಾಂತಿ ಬಂದದ್ದು ಬೇರೆ ದಾರಿಯಲ್ಲಿ. 1997ರ ಕೊನೆಗೆ ನ್ಯೂಜಿಲೆಂಡ್ ಮುಂದಾಳತ್ವದಲ್ಲಿ ಬಂದ ಕದನವಿರಾಮದ ವೀಕ್ಷಕರ ಕೈಯಲ್ಲಿ ಬಂದೂಕು ಇರಲಿಲ್ಲ. 2001ರಲ್ಲಿ ಶಾಂತಿ ಒಪ್ಪಂದವಾಯಿತು. 2019ರ ಜನಮತಗಣನೆಯಲ್ಲಿ ದ್ವೀಪದ ಶೇ 97.7ರಷ್ಟು ಮತಗಳು ಸ್ವಾತಂತ್ರ್ಯದ ಪರ ಬಿದ್ದವು.

ನಮ್ಮ ಪರಂತುಕಕ್ಕೆ ವಾಪಸು ಬಂದೆ. ಈಗ ಅದರ ಬೆಲೆ ಕಾಣುತ್ತಿತ್ತು: ಅನುಮತಿ ಮೊದಲು, ಕೆಲಸ ಆಮೇಲೆ ಎಂಬ ಕ್ರಮ ಅದರಲ್ಲಿದೆ. ಅದರ ಕೊರತೆಯೂ ಕಂಡಿತು. ನಿಯಂತ್ರಣ ಪ್ರಾಧಿಕಾರ ಅಂದರೆ ರಾಜ್ಯದ ಗೃಹ ಇಲಾಖೆಯಲ್ಲಿ ಜಂಟಿ ಕಾರ್ಯದರ್ಶಿ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿ. ಅಧಿಕಾರಿ ಇನ್ನೊಬ್ಬ ಅಧಿಕಾರಿಯನ್ನು ಕೇಳುತ್ತಾನೆ. ಶಾಸಕರ ಕಣ್ಣಿಗೆ ಕಾಗದ ಬೀಳಬೇಕೆಂದು ಆ ಪರಂತುಕ ಎಲ್ಲೂ ಹೇಳುವುದಿಲ್ಲ.

ಸಂಘದ ಮುಂದಿನ ಸಭೆಯಲ್ಲಿ ಸೆಕ್ಯೂರಿಟಿಯವರಿಗೆ ನೀಲಿ ಅಂಗಿ ಎಂದು ತೀರ್ಮಾನವಾಯಿತು. ಹಿರಿಯರಿಗೆ ಸಮಾಧಾನ. ನನ್ನ ಮೇಜಿನ ಮೇಲೆ ಮಾತ್ರ ಆ ಎರಡು ಕಾಗದಗಳು ಇನ್ನೂ ಅಕ್ಕಪಕ್ಕ ಇವೆ. ಕರಾರಿನ ಅಂಚಿನಲ್ಲಿದ್ದ ಪ್ರಶ್ನಾರ್ಥಕ ಚಿಹ್ನೆಯನ್ನು ಅಳಿಸಿ ಒಂದು ಅಂಕಿ ಬರೆದಿದ್ದೇನೆ: 22. ಜನವರಿ 31ರ ಸಹಿಗೂ ಫೆಬ್ರುವರಿ 22ರ ಸುದ್ದಿಗೂ ನಡುವಿನ ದಿನಗಳು. ಆ ಇಪ್ಪತ್ತೆರಡು ದಿನವೂ 200ನೆಯ ಕಲಮು ತನ್ನ ಜಾಗದಲ್ಲೇ ಇತ್ತು. ಕರಾರನ್ನು ಅದರ ಪಕ್ಕದಲ್ಲಿಟ್ಟು ಓದುವ ಅವಕಾಶ ಸಂಸತ್ತಿಗೆ ಸಿಗಲಿಲ್ಲ.