ದೊಡ್ಡ ವಿಮಾನವನ್ನು ಗುಜರಿಗೆ ಹಾಕಿದರೆ ಅದು ಅಪಾಯಕಾರಿ ಎಂದರ್ಥವೇ?

ಸಂಜಯನಗರ, ಹೆಬ್ಬಾಳ, ಯಲಹಂಕ ಕಡೆಯ ಅನೇಕ ಮನೆಗಳಲ್ಲಿ ಮಗನೋ ಮಗಳೋ ಹೊರದೇಶದಲ್ಲಿರುತ್ತಾರೆ. ಹಾಗಾಗಿ ವಿಮಾನದ ಬಗ್ಗೆ ಏನೇ ಫಾರ್ವರ್ಡ್ ಬಂದರೂ ಮನೆಯ ಗ್ರೂಪಿನಲ್ಲಿ ಅದು ಕ್ಷಣದಲ್ಲಿ ಹರಡುತ್ತದೆ. ನಾಲ್ಕು ಇಂಜಿನ್‌ನ ದೊಡ್ಡ ವಿಮಾನಗಳು ಅಪಾಯ, ಅದಕ್ಕೇ ಅವನ್ನು ಗುಜರಿಗೆ ಹಾಕುತ್ತಿದ್ದಾರೆ ಎನ್ನುತ್ತದೆ ಒಂದು ಸಂದೇಶ. ಎರಡೇ ಇಂಜಿನ್‌ನ ವಿಮಾನದಲ್ಲಿ ಸಮುದ್ರ ದಾಟಬೇಡಿ ಎನ್ನುತ್ತದೆ ಇನ್ನೊಂದು. ಹತ್ತು ವರ್ಷ ದಾಟಿದ ವಿಮಾನ ಹತ್ತಲೇಬೇಡಿ ಎನ್ನುತ್ತದೆ ಮತ್ತೊಂದು. ಮೂರನ್ನೂ ನಂಬಿದರೆ ಹತ್ತಲು ವಿಮಾನವೇ ಉಳಿಯುವುದಿಲ್ಲ! ಒಂದೊಂದಾಗಿ ನೋಡೋಣ.

ನಾಲ್ಕು ಇಂಜಿನ್‌ನ ವಿಮಾನಗಳು ಏಕೆ ಕಡಿಮೆಯಾದವು?

ಮುಖ್ಯ ಕಾರಣ ಇಂಧನದ ಖರ್ಚು. ನಾಲ್ಕು ಇಂಜಿನ್ ಎಂದರೆ ಹೆಚ್ಚು ಇಂಧನ, ರಿಪೇರಿಗೂ ನಾಲ್ಕು ಇಂಜಿನ್. ಏರ್‌ಬಸ್ ಎ380ರಲ್ಲಿ ಸುಮಾರು 500 ಸೀಟುಗಳಿರುತ್ತವೆ. ಅವು ತುಂಬಿದರೆ ಲಾಭ, ಅರ್ಧ ಖಾಲಿ ಹೋದರೆ ಭಾರೀ ನಷ್ಟ. 300 ಸೀಟಿನ ಎರಡು ಇಂಜಿನ್ ವಿಮಾನವನ್ನು ತುಂಬುವುದು ಸುಲಭ. ಹೀಗಾಗಿ ಹೊಸ ಆರ್ಡರ್‌ಗಳು ಬರಲಿಲ್ಲ. ಗ್ರಾಹಕರಿಗೆ ಒಟ್ಟು 251 ಎ380ಗಳನ್ನು ಕೊಟ್ಟ ಏರ್‌ಬಸ್, 2021ರ ಡಿಸೆಂಬರ್‌ನಲ್ಲಿ ಕೊನೆಯದನ್ನು ಎಮಿರೇಟ್ಸ್‌ಗೆ ಕೊಟ್ಟಿತು. ಬೋಯಿಂಗ್ 747ರ ಕೊನೆಯ ವಿಮಾನ 2023ರ ಜನವರಿಯಲ್ಲಿ ಗ್ರಾಹಕರಿಗೆ ಹಸ್ತಾಂತರವಾಯಿತು. ಒಟ್ಟು ತಯಾರಾದದ್ದು 1,574.

ಅಪಾಯಕಾರಿ ಎಂಬುದೇ ಕಾರಣವಾಗಿದ್ದರೆ 2022ರ ಅಕ್ಟೋಬರ್‌ನಲ್ಲಿ ಎಮಿರೇಟ್ಸ್ ಅದೇ ಎ380 ಅನ್ನು ಬೆಂಗಳೂರು–ದುಬೈ ನಡುವೆ ಹಾರಿಸಲು ಶುರುಮಾಡುತ್ತಿರಲಿಲ್ಲ. ಮುಂಬೈ ನಂತರ ಎಮಿರೇಟ್ಸ್‌ನ ಎ380 ನಿಯಮಿತವಾಗಿ ಬರತೊಡಗಿದ ಭಾರತದ ಎರಡನೇ ನಗರ ನಮ್ಮದು. ದುಬೈಗೆ ನಾಲ್ಕು ಗಂಟೆಯ ಪ್ರಯಾಣ. ಅಷ್ಟಕ್ಕೆ ಇಷ್ಟು ದೊಡ್ಡ ವಿಮಾನ ಏಕೆ? ಏಕೆಂದರೆ ಇಲ್ಲಿಂದ ಹತ್ತುವವರಲ್ಲಿ ಅನೇಕರು ದುಬೈನಲ್ಲಿ ಇಳಿದು ಯುರೋಪ್, ಅಮೆರಿಕದ ವಿಮಾನ ಹಿಡಿಯುತ್ತಾರೆ. ಹೀಗೆ ಎಲ್ಲರನ್ನೂ ಒಂದು ಕಡೆ ಸೇರಿಸಿ ಹಂಚುವ ಕಂಪನಿಗೆ ದೊಡ್ಡ ವಿಮಾನ ಲಾಭ ತರುತ್ತದೆ.

ಒಂದೇ ವಿಮಾನ, ಒಮ್ಮೆ ಬೇಡ, ಒಮ್ಮೆ ಬೇಕು

ಏರ್ ಇಂಡಿಯಾದ ಬೋಯಿಂಗ್ 777-200ಎಲ್‌ಆರ್ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಬಹಳ ದೂರ ಹಾರಬಲ್ಲ ಇಂಥ ಎಂಟು ವಿಮಾನಗಳನ್ನು ಕಂಪನಿ ಕೊಂಡಿತ್ತು. ಇಂಧನ ದುಬಾರಿಯಾದಾಗ ಐದನ್ನು ಎತಿಹಾದ್‌ಗೆ ಮಾರಿತು. ಆದರೆ 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ನೇರ ವಿಮಾನ ಶುರುವಾದಾಗ ಸುಮಾರು 14,000 ಕಿ.ಮೀ. ದೂರಕ್ಕೆ ಬಳಸಿದ್ದು ಇದೇ ಮಾದರಿಯನ್ನು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ಅದನ್ನು ಉತ್ತರ ಧ್ರುವದ ಮೇಲಿಂದ ಹಾರಿಸಿ ತಂದರು. ವಿಮಾನದ ಮಾದರಿ ಬದಲಾಗಿರಲಿಲ್ಲ, ಅದಕ್ಕೆ ತಕ್ಕ ದಾರಿ ಸಿಕ್ಕಿತ್ತು ಅಷ್ಟೆ.

ಎರಡು ಇಂಜಿನ್‌ನಲ್ಲಿ ಸಮುದ್ರ ದಾಟಬಹುದೇ?

ದಾಟಬಹುದು. ಒಂದು ಇಂಜಿನ್ ನಿಂತರೂ ಇನ್ನೊಂದರಲ್ಲೇ ಹಾರಿ ಇಳಿಯುವಂತೆ ಈ ವಿಮಾನಗಳನ್ನು ರೂಪಿಸಿರುತ್ತಾರೆ. ಹಿಂದೆ ಅಮೆರಿಕದ ನಿಯಮದಂತೆ ಎರಡು ಇಂಜಿನ್ ವಿಮಾನವು ಹತ್ತಿರದ ನಿಲ್ದಾಣದಿಂದ 60 ನಿಮಿಷಕ್ಕಿಂತ ದೂರ ಹೋಗುವಂತಿರಲಿಲ್ಲ. ಇಂಜಿನ್‌ಗಳು ನಂಬಿಕೆಗೆ ಅರ್ಹವಾಗುತ್ತಾ ಬಂದಂತೆ 1985ರಲ್ಲಿ ಅದು 120 ನಿಮಿಷವಾಯಿತು, ಆಮೇಲೆ 180 ಆಯಿತು. ಏರ್‌ಬಸ್ ಎ350ಗೆ 370 ನಿಮಿಷದವರೆಗೂ ಅನುಮೋದನೆ ಇದೆ. ಆದರೆ ವಿಮಾನಕ್ಕೆ ಅನುಮೋದನೆ ಇದ್ದರೆ ಸಾಲದು; ಅದನ್ನು ಹಾರಿಸುವ ಕಂಪನಿಯೂ ಪ್ರತ್ಯೇಕ ಅನುಮತಿ ಪಡೆಯಬೇಕು.

ಹಳೆಯದಾದರೆ ಅಪಾಯವೇ?

2025ರ ಜೂನ್ 12ರ ಅಹಮದಾಬಾದ್ ದುರಂತದಲ್ಲಿ ವಿಮಾನದಲ್ಲಿದ್ದ 242 ಜನರಲ್ಲಿ ಒಬ್ಬರು ಮಾತ್ರ ಉಳಿದರು. ಅದಾದ ಮೇಲೆ ಈ ಭಯ ಹೆಚ್ಚಾಗಿದ್ದು ಸಹಜ. ಆ 787 ವಿಮಾನ 2014ರಲ್ಲಿ ಏರ್ ಇಂಡಿಯಾಕ್ಕೆ ಬಂದದ್ದು. ಟೇಕಾಫ್ ಆದ ಕೆಲವೇ ಸೆಕೆಂಡುಗಳಲ್ಲಿ ಎರಡೂ ಇಂಜಿನ್‌ಗಳಿಗೆ ಇಂಧನ ನಿಂತಿತು ಎಂದು ತನಿಖೆಯ ಪ್ರಾಥಮಿಕ ವರದಿ ಹೇಳಿತು. ವಯಸ್ಸೇ ಕಾರಣ ಎಂದು ಅದು ಹೇಳಲಿಲ್ಲ.

ವಿಮಾನದ ಸವೆತವನ್ನು ಅಳೆಯಲು ವರ್ಷವೊಂದೇ ಸಾಲದು, ಅದು ಎಷ್ಟು ಬಾರಿ ಏರಿ ಇಳಿದಿದೆ ಎಂಬುದೂ ಮುಖ್ಯ. ಮೇಲೇರಿದಾಗ ಒಳಗಿನ ಗಾಳಿಯ ಒತ್ತಡಕ್ಕೆ ವಿಮಾನದ ಮೈ ಬಲೂನಿನಂತೆ ತುಸು ಹಿಗ್ಗುತ್ತದೆ, ಇಳಿದಾಗ ಕುಗ್ಗುತ್ತದೆ. 1988ರಲ್ಲಿ ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಪುಟ್ಟ 737ರ ಚಾವಣಿಯ ಒಂದು ಭಾಗ ಆಕಾಶದಲ್ಲೇ ಕಿತ್ತುಹೋಯಿತು. ಹತ್ತಿರದ ದ್ವೀಪಗಳ ನಡುವೆ ಓಡಾಡುತ್ತಿದ್ದ ಅದು ಸುಮಾರು 90,000 ಬಾರಿ ಏರಿಳಿದಿತ್ತು. ಆ ಘಟನೆಯ ನಂತರ ಹಳೆ ವಿಮಾನಗಳ ತಪಾಸಣೆ ಬಿಗಿಯಾಯಿತು. ದೂರ ಹಾರುವ ದೊಡ್ಡ ವಿಮಾನಗಳು ದಿನಕ್ಕೆ ಒಂದೆರಡು ಬಾರಿ ಮಾತ್ರ ಏರಿಳಿಯುವುದರಿಂದ ಈ ಬಗೆಯ ಸವೆತ ಅವಕ್ಕೆ ನಿಧಾನ.

ಇನ್ನು ತಪಾಸಣೆ. ಸಣ್ಣಪುಟ್ಟವು ಆಗಾಗ ನಡೆಯುತ್ತಲೇ ಇರುತ್ತವೆ. ಕೆಲವು ವರ್ಷಗಳಿಗೊಮ್ಮೆ ಸೀಟು, ಒಳಗೋಡೆ ಎಲ್ಲ ಬಿಚ್ಚಿ ಲೋಹದಲ್ಲಿ ಬಿರುಕು, ತುಕ್ಕು ಇದೆಯೇ ಎಂದು ನೋಡುವ ದೊಡ್ಡ ತಪಾಸಣೆ ಬರುತ್ತದೆ. ಇದಕ್ಕೆ ವಾರಗಟ್ಟಲೆ ಸಮಯ, ಕೋಟಿಗಟ್ಟಲೆ ಹಣ ಬೇಕು. ಎಷ್ಟೋ ವಿಮಾನಗಳ ನಿವೃತ್ತಿ ನಿರ್ಧಾರವಾಗುವುದು ಈ ಹಂತದಲ್ಲೇ. ಅಷ್ಟು ಖರ್ಚು ಮಾಡುವುದಕ್ಕಿಂತ ಹೊಸದೇ ಮೇಲು ಎಂದು ಕಂಪನಿ ಲೆಕ್ಕ ಹಾಕುತ್ತದೆ.

ಗುಜರಿಗೆ ಹೋದದ್ದೆಲ್ಲ ಕೆಟ್ಟದ್ದಲ್ಲ

ಸಿಂಗಾಪುರ ಏರ್‌ಲೈನ್ಸ್ ಬಾಡಿಗೆಗೆ ಪಡೆದಿದ್ದ ಮೊದಲ ಎ380ಗಳಲ್ಲಿ ಎರಡನ್ನು ಫ್ರಾನ್ಸಿನಲ್ಲಿ ಬಿಚ್ಚಿ ಬಿಡಿಭಾಗ ಮಾಡಿದರು. ಆಗ ಅವಕ್ಕೆ ಹನ್ನೆರಡು ವರ್ಷವೂ ಆಗಿರಲಿಲ್ಲ. ಬಾಡಿಗೆ ಅವಧಿ ಮುಗಿದ ಮೇಲೆ ಬೇರೆ ಗಿರಾಕಿ ಸಿಗಲಿಲ್ಲ, ಇಡೀ ವಿಮಾನಕ್ಕಿಂತ ಬಿಡಿಭಾಗಗಳಿಗೇ ಹೆಚ್ಚು ಬೆಲೆ ಇತ್ತು. ಇದಕ್ಕೆ ತದ್ವಿರುದ್ಧವಾಗಿ, ಕೊರೋನಾ ಕಾಲದಲ್ಲಿ ಮೂಲೆಗೆ ನಿಲ್ಲಿಸಿದ್ದ ಎ380ಗಳನ್ನು ಲುಫ್ತಾನ್ಸಾ 2023ರಲ್ಲಿ ಮತ್ತೆ ಹಾರಿಸಿತು. ಪ್ರಯಾಣಿಕರು ಹೆಚ್ಚಿದ್ದರು, ಹೊಸ ವಿಮಾನಗಳು ಬರುವುದು ತಡವಾಗಿತ್ತು.

ಹಾಗಾದರೆ ಏನು ಮಾಡಬೇಕು?

ನಿಮ್ಮ ವಿಮಾನದ ಬಗ್ಗೆ ಕುತೂಹಲವಿದ್ದರೆ ಅದರ ನೋಂದಣಿ ಸಂಖ್ಯೆ ನೋಡಿ. ಭಾರತದ ವಿಮಾನಗಳದ್ದು ವಿಟಿ ಎಂದು ಶುರುವಾಗುತ್ತದೆ. ಫ್ಲೈಟ್‌ರಾಡಾರ್24ರಂಥ ಆ್ಯಪ್‌ಗಳಲ್ಲಿ ಮಾದರಿ, ಹಾರಾಟದ ವಿವರ ಸಿಗುತ್ತದೆ. ಆದರೆ ವಯಸ್ಸು ನೋಡಿ ಟಿಕೆಟ್ ರದ್ದು ಮಾಡಬೇಕಿಲ್ಲ. ವಯಸ್ಸು ಎಷ್ಟೇ ಆಗಿರಲಿ, ತಪಾಸಣೆ ಸರಿಯಾಗಿ ನಡೆದಿದೆಯೇ ಎಂಬುದೇ ಮುಖ್ಯ. ಅದನ್ನು ನೋಡುವುದು ಡಿಜಿಸಿಎ ಕೆಲಸ. ಯಾವ ವಿಮಾನ, ಯಾವ ದಿನ, ಯಾರು ಹೇಳಿದ್ದು ಎಂಬ ಮೂರೂ ಇಲ್ಲದ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ. ಮೊದಲ ಬಾರಿ ವಿಮಾನ ಹತ್ತಲು ಹೊರಟ ಯಾರದೋ ಅಮ್ಮನ ನಿದ್ದೆ ಅದರಿಂದ ಕೆಡಬಹುದು.